ಏಳನೇ ಮೆಷಿನ್ನಿನಲ್ಲಿ ಞ

ನಾನು ಕನ್ನಡ ಪಂಡಿತ. ಲ್ಯಾಬಿನ ಕೀಲಿಗೊಂಚಲು ನನ್ನ ಕೈಗೆ ಬಂದದ್ದು
ಬೇರೆ ಯಾರೂ ಬೇಡವೆಂದ ಕಾರಣ.
ಪೈವಳಿಕೆಯ ಗುಡ್ಡದ ನೆತ್ತಿಯಲ್ಲಿ ಶಾಲೆ,
ಹನ್ನೊಂದು ಗಣಕ, ನಡೆಯುವವು ಎಂಟು.
ದುಡ್ಡು ಕೊಟ್ಟು ತರುವ ಕಿಟಕಿ ಒಂದರಲ್ಲೂ ಇಲ್ಲ.
ನಮ್ಮದು ಹೆಪ್ಪಿನ ಸಂಬಂಧ:
ಆಚೆಮನೆಯಿಂದ ಒಂದು ಚಮಚ ಮಜ್ಜಿಗೆ,
ಬೆಳಗಾದರೆ ಪಾತ್ರೆ ತುಂಬ ಮೊಸರು,
ಕೊಟ್ಟವರ ಪಾತ್ರೆಯಲ್ಲೂ ಕಡಿಮೆಯಾಗಿರುವುದಿಲ್ಲ.

ಏಳನೇ ಮೆಷಿನ್ನಿನ ಮುಂದೆ ಮುಫೀದಾ, ಒಂಬತ್ತನೇ ಬಿ.
"ಸರ್, ಇದು ಅಜ್ಜನ ಹೆಸರು ತಿಂದಿದೆ."
ಊರ ಹಿರಿಯರ ಪಟ್ಟಿ, ಮಕ್ಕಳೇ ಮಾಡಿದ್ದು.
ನೋಡಿದೆ. ಮೊಯ್‌ದು ಕುಂ□.
ಹಲ್ಲು ಕಿತ್ತ ಜಾಗದ ಹಾಗೆ ಖಾಲಿ ಚೌಕ.
ಕೆಳಗೆ ಕುಂ□ಕಣ್‌ಣ, ಕುಂ□ರಾಮ.
ಒತ್ತುಗಳೆಲ್ಲ ಜಾರಿ ಪಕ್ಕಕ್ಕೆ ಕೂತಿವೆ:
ಅಜ್‌ಜ, ಹಳ್‌ಳ, ಮಣ್‌ಣು.

ಘಟ್ಟದ ಮೇಲಿನವರಿಗೆ ಞ ಎಂದರೆ ಒಂದನೇ ಕ್ಲಾಸಿನ ಗೋಡೆಪಟ,
ಬಾಯಿಪಾಠ ಮುಗಿದರೆ ಅದರ ಕೆಲಸವೂ ಮುಗಿಯಿತು.
ಇಲ್ಲಿ ಅದು ದಿನಾ ಹಾಜರಿ ಹೇಳುತ್ತದೆ,
ರೇಷನ್ ಕಾರ್ಡಿನಲ್ಲಿ ಕೂರುತ್ತದೆ,
ಮೀನು ಮಾರುತ್ತದೆ, ತೆಂಗು ಹತ್ತುತ್ತದೆ,
ಮಸೀದಿಗೂ ಭಗವತಿಯ ತಾನಕ್ಕೂ
ಒಂದೇ ಮೂಗಿನಲ್ಲಿ ಹೋಗಿ ಬರುತ್ತದೆ.
ಈ ಲಿಪಿ ಕೊರೆದವನಿಗೆ
ಕುಂಞಿ ಎನ್ನುವವರು ಯಾರೂ ಪರಿಚಯವಿರಲಿಲ್ಲ, ಪಾಪ.

ಹಳೆಯ ಬ್ರೌಸರು ಸಾಕು, ಹೊಸದು ಹಾಕುವ ಎಂದೆ.
ಕಪ್ಪು ಪರದೆ ತೆರೆದು ಒಂದು ಸಾಲು ಬರೆದೆ.
ಅನುಮತಿಯಿಲ್ಲ, ಎಂದಿತು.
ಹಾಗಾದರೆ ಮೊದಲು ಸುಡೋ ಅನ್ನಬೇಕು.
"ಎಂತದನ್ನು ಸರ್ ಸುಡುವುದು?" ಹಿಂದಿನಿಂದ ವಲೇರಿಯನ್.
ಲ್ಯಾಬು ನಕ್ಕಿತು.
ಗುಪ್ತಪದ ಕೇಳಿತು, ಹೊಡೆದೆ,
ಚುಕ್ಕಿಯಿಲ್ಲ, ನಕ್ಷತ್ರವಿಲ್ಲ.
"ಸರ್, ಕೀಬೋರ್ಡು ಸತ್ತಿದೆ."
ಸತ್ತಿಲ್ಲ ಮಗಾ, ಕೇಳಿಸಿಕೊಳ್ಳುತ್ತಾ ಉಂಟು.
ಹೂಂಗುಟ್ಟುವ ಅಭ್ಯಾಸ ಇಲ್ಲ, ಅಷ್ಟೆ.

ಆಮೇಲೆ ಇಳಿಯತೊಡಗಿತು ಸಾಲು ಸಾಲು
ಯಾವ ದೇಶದ ಯಾವ ಉಗ್ರಾಣದಿಂದಲೋ:
ಬ್ರೌಸರಿನ ಪೊಟ್ಟಣ, ಬೆನ್ನಿಗೆ ಲಿಪಿಯ ಪೊಟ್ಟಣ,
ಒಂದಕ್ಕೆ ಇನ್ನೊಂದು ಬೇಕಂತೆ, ಅದಕ್ಕೆ ಮತ್ತೆರಡು,
ಮದುವೆಗೆ ಕರೆದರೆ ನೆಂಟರ ನೆಂಟರೂ ಹೊರಟ ಹಾಗೆ.
ಹದಿನೆಂಟು. ಮೂವತ್ತೊಂದು. ಮೂವತ್ತೊಂದು.
ಮೂವತ್ತೊಂದು.
ಅರವತ್ತೆರಡಕ್ಕೆ ಕರೆಂಟು ಹೋಯಿತು.

ಯುಪಿಎಸ್ಸು ಕುಂಯ್‌ಗುಟ್ಟಿ ಸುಮ್ಮನಾಯಿತು.
ಬಿಸಿಯೂಟದ ಹೆಸರುಕಾಳಿನ ವಾಸನೆ ಒಳಬಂತು.

ಕರೆಂಟು ಮರಳಿದಾಗ ಮೆಷಿನ್ನಿಗೆ ಹಟ:
ಅರ್ಧಕ್ಕೆ ನಿಂತ ಕೆಲಸ ಒಂದುಂಟು, ಮೊದಲು ಅದನ್ನು ಮುಗಿಸು.
ಯಾರದ್ದು? ನನ್ನದೇ.
ಅರ್ಧ ಗಂಟೆ ಹಿಂದಿನ ನಾನು
ಹೊಸ್ತಿಲ ಮೇಲೆ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ.
ಕೈಹಿಡಿದು ಒಳಗೆ ಕೂರಿಸಿದೆ.

ಭಾಷೆ ಆರಿಸಿ, ಎಂದಿತು.
ಮಕ್ಕಳು ಪರದೆಗೆ ಮೂಗು ತಾಗಿಸಿದರು.
ಮಲಯಾಳ ಉಂಟು. ಕನ್ನಡ ಉಂಟು.
ತುಳುವನ್ನು ಹುಡುಕುತ್ತ ಲತೇಶ ಎರಡು ಸಲ ಮೇಲಿಂದ ಕೆಳಗೆ ಹೋಗಿ ಬಂದ.
ಬ್ಯಾರಿ ಕೇಳಲೆಂದು ಮುಫೀದಾ
ಬಾಯಿ ತೆರೆದು ಮುಚ್ಚಿದಳು.
"ನಾವು ಸೇರಿಸಬಹುದಾ ಸರ್?"
ಯಾರು ಬೇಕಾದರೂ ಸೇರಿಸಬಹುದು.
"ಮತ್ತೆ ಯಾಕೆ ಯಾರೂ ಸೇರಿಸಲಿಲ್ಲ?"
ನಾನು ಮೌಸಿನ ಧೂಳು ಒರೆಸಿದೆ.

ಪುಟ ತೆರೆಯಿತು.
ಒತ್ತುಗಳು ತಂತಮ್ಮ ಅಕ್ಷರದ ಕಾಲಬುಡಕ್ಕೆ ಮರಳಿದ್ದವು.
ಮೊಯ್ದು ಕುಂಞಿ.
ಅವಳು ಓದಲಿಲ್ಲ. ಗಾಜಿನ ಮೇಲೆ ಬೆರಳಿಟ್ಟು
ಞದ ಸುರುಳಿಯನ್ನು ಬಾಲದ ತನಕ ತಿದ್ದಿದಳು.
"ಅಜ್ಜನಿಗೆ ಓದಲು ಬರುವುದಿಲ್ಲ ಸರ್.
ಇದೊಂದು ಮಾತ್ರ ಗೊತ್ತು.
ಎಲ್ಲಿ ಕಂಡರೂ, ಇಗೋ ನಾನು, ಅಂತಾರೆ."

ಅಷ್ಟರಲ್ಲಿ ನಡುವೆ ಒಂದು ಪ್ರಶ್ನೆ ಹಾರಿ ಬಂತು:
ಇದನ್ನೇ ನಿಮ್ಮ ಖಾಯಂ ಬ್ರೌಸರ್ ಮಾಡಲೆ?
ಹೌದು. ಈಗ ಬೇಡ.
ಮನೆಯಲ್ಲೊಂದು, ಬಸ್ಸಿನಲ್ಲೊಂದು,
ಕ್ಲಾಸಿನಲ್ಲಿ ಮತ್ತೊಂದು ಮಾತಾಡುವ ಹುಡುಗಿ
ನನ್ನ ಮುಖ ಕೂಡ ನೋಡದೆ
ಈಗ ಬೇಡ ಒತ್ತಿದಳು.

ಎಂಟನೇ ಮೆಷಿನ್ನಿನಿಂದ
ಕುಂಞಂಬುವಿನ ಮೊಮ್ಮಗ ಆಗಲೇ ಕೈಯೆತ್ತಿ ನಿಂತಿದ್ದ.