ಮೂರನೇ ಪೆಟ್ಟು

ದೂರು ಹೇಳಲೆಂದೇ ಮೆಟ್ಟಿಲಿಳಿದೆ.
ಮನೆಯೊಳಗಿನ ಚಪ್ಪಲಿ, ಗಂಡನ ಹಳೇ ಓವರ್‌ಕೋಟು.
ಡನೀಡಿನ್ನಿನ ಜೂನ್ ಚಳಿ:
ಬಾಯಿಂದ ಹೊರಟ ಉಸಿರು ಗಾಳಿಯಲ್ಲಿ ನಿಂತು
ಹೋಗಲೋ ಬೇಡವೋ ಎಂದು ಯೋಚಿಸುತ್ತದೆ.

ಪಕ್ಕದ ಮನೆಗೆ ವರ್ಷವರ್ಷವೂ ಹೊಸ ಹುಡುಗರು.
ಗೋಡೆ ತುಂಬ ಬೂಷ್ಟು, ಕಿಟಕಿಗೆ ಗಾಜಿನ ಬದಲು ರಟ್ಟು.
ಮೂರು ವಾರದಿಂದ ಅವರ ಗ್ಯಾರೇಜು ಗುಡುಗಿದಾಗಲೆಲ್ಲ
ನನ್ನ ಕಪಾಟಿನ ಬಸಿಗಳು
ತಮ್ಮಷ್ಟಕ್ಕೆ ತಾವೇ ಜಾಗ ಬದಲಿಸುತ್ತಿದ್ದವು.

ಬಾಗಿಲು ತೆರೆದವಳು ರಿಪೆಕಾ.
ಹೆಗಲಲ್ಲಿ ಬೇಸ್ ಗಿಟಾರು, ಎರಡು ಬೆರಳಿಗೆ ಬ್ಯಾಂಡೇಜು.
"ಸಾರಿ, ನಿಲ್ಲಿಸ್ತೀವಿ" ಅಂದಳು, ನಾನು ಬಾಯಿ ತೆರೆಯುವ ಮೊದಲೇ.
ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು.
ಹೊರಬಿದ್ದದ್ದು ಬೇರೆ:
"ಮೂರನೇ ಪೆಟ್ಟು ತಡವಾಗ್ತಿದೆ. ಡ್ರಮ್ಮಿನವನಿಗೆ ಹೇಳು."

ಇಪ್ಪತ್ತೆಂಟು ವರ್ಷ ಉಣ್ಣೆ ಗಿರಣಿಯಲ್ಲಿ
ಮಗ್ಗಗಳ ನಡುವೆ ನಿಂತವಳು ನಾನು,
ಮಾತು ಕೇಳದ ಕಡೆ ತುಟಿ ಓದಿ ಬದುಕಿದವಳು.
ಯಾವ ಲಾಳಿ ಸೊರಗುತ್ತಿದೆ,
ಯಾವ ಬೆಲ್ಟು ಊಟದ ಹೊತ್ತಿಗೆ ಹರಿಯುತ್ತದೆ,
ಕಿವಿಗಲ್ಲ, ಅಂಗಾಲಿಗೆ ಗೊತ್ತಾಗುತ್ತಿತ್ತು.
ಗಿರಣಿ ಮುಚ್ಚಿ ಹದಿನೇಳು ವರ್ಷ.
ಅಂಗಾಲು ಇನ್ನೂ ಪಾಳಿಗೆ ಹೋಗುತ್ತಲೇ ಇದೆ.

ಡ್ರಮ್ಮಿನವನು ಲಾಕ್ಲನ್, ಕಲ್ಲುಗಳ ಬಗ್ಗೆ ಓದುತ್ತಿದ್ದ.
ಕಿವಿ ಕೆಂಪಗಾಗಿ, "ಇನ್ನೊಮ್ಮೆ ಬಾರಿಸ್ತೀನಿ, ನೋಡಿ" ಅಂದ.
ಒಳಗೆ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು,
ಒಣಗುತ್ತಿರಲಿಲ್ಲ, ನೇತಾಡುತ್ತಿತ್ತು.
ಗೋಡೆಗೆ ಆನಿಸಿದ ಹಾಸಿಗೆ, ಮೊಟ್ಟೆಯ ಟ್ರೇ.
ಬಿಯರ್ ಕ್ರೇಟಿನ ಮೇಲೆ ಕೂತು
ಕಾಲಲ್ಲೇ ಎಣಿಸಿಕೊಟ್ಟೆ.
ಹನ್ನೊಂದು ಸಲ ತಪ್ಪಿದ.
ಹನ್ನೆರಡನೆಯದಕ್ಕೆ ನನ್ನ ಬಸಿಗಳ ನೆನಪಾಯಿತು,
ಒಡೆದರೆ ಒಡೆಯಲಿ ಅನ್ನಿಸಿತು.

ಆಮೇಲೆ ವೈರು ಸುತ್ತುವುದು ಕಲಿಸಿದರು:
ಒಂದು ಸುತ್ತು ಮೇಲಿಂದ, ಒಂದು ಕೆಳಗಿಂದ, ತಿರುಚಬಾರದು.
ಲಡಿ ಕಟ್ಟಿದ ಕೈಗೆ ಅದ್ಯಾವ ಮಹಾ.
ಬೌಲಿಂಗ್ ಕ್ಲಬ್ಬಿನ ಹಳೇ ಹಾಲಿನಲ್ಲಿ ಮೊದಲ ಶೋ,
ಬಾಗಿಲಲ್ಲಿ ಕೂರಲು ಯಾರೂ ಇರಲಿಲ್ಲ.
ಐದು ಡಾಲರು, ಇಲ್ಲದವರು ಇದ್ದಷ್ಟು.
ಬಿಸ್ಕತ್ತಿನ ಡಬ್ಬಿ ನನ್ನದು,
ಕೈಗೆ ಒತ್ತುವ ಮುದ್ರೆಯೂ ನನ್ನದೇ,
ಕಂಬಳಿಯ ಚೀಟಿಗೆ ಒತ್ತುತ್ತಿದ್ದದ್ದು: 'ಶುದ್ಧ ಉಣ್ಣೆ'.

ತೊಂಬತ್ತಾರು ಮಣಿಕಟ್ಟು ಒತ್ತಿದೆ ಆ ರಾತ್ರಿ.
ಕಾನೂನು ಓದುವವರು, ಹಲ್ಲಿನ ಡಾಕ್ಟರಾಗುವವರು,
ಬಂದರಿನಲ್ಲಿ ಮೀನು ತುಂಬಿಸಿ ಹಾಗೇ ಬಂದ ಸೆಫೊ,
ಮೊಮ್ಮಗಳನ್ನು ಹುಡುಕಿಕೊಂಡು ಬಂದು
ಕೊನೆಯವರೆಗೂ ನಿಂತ ಒಬ್ಬ ಟ್ಯಾಕ್ಸಿಯವನು.
ಎಲ್ಲರೂ ಶುದ್ಧ ಉಣ್ಣೆ.
ಮಾರನೇ ದಿನ ಬೇಕರಿಯಲ್ಲಿ ಚಿಲ್ಲರೆ ಕೊಟ್ಟ ಹುಡುಗಿಯ ಕೈಮೇಲೆ
ಅದು ಅರ್ಧ ಅಳಿಸಿತ್ತು. ಅವಳು ನಕ್ಕಳು.
ಈ ಊರಲ್ಲಿ ನನ್ನನ್ನು ನೋಡಿ
ಯಾರಾದರೂ ನಕ್ಕು ಎಷ್ಟು ದಿನವಾಗಿತ್ತೋ.

ಹಾಡಿನ ಮಾತು ನನಗೆ ತಿಳಿಯುವುದಿಲ್ಲ.
ಕೇಳಿದರೆ ರಿಪೆಕಾ, "ನನಗೂ" ಅಂದಳು.

ನವೆಂಬರು. ಪರೀಕ್ಷೆ ಮುಗಿದು
ರಸ್ತೆ ತುಂಬ ಅನಾಥ ಸೋಫಾಗಳು.
ಲಾಕ್ಲನ್ ಆಸ್ಟ್ರೇಲಿಯಾದ ಗಣಿಗೆ, ರಿಪೆಕಾ ಉತ್ತರಕ್ಕೆ, ಅಮ್ಮನ ಮನೆಗೆ.
"ಸ್ವಲ್ಪ ದಿನ ಇಟ್ಕೊಳ್ತೀರಾ ನೋಲೀನ್?"
ಆಂಪ್ಲಿಫೈಯರು ನನ್ನ ಷೆಡ್ಡು ಸೇರಿತು.
ಬ್ಯಾಂಡಿಗೆ ಏನು ಹೆಸರಿಡಬೇಕೆಂಬ ಜಗಳ
ಇನ್ನೂ ಮುಗಿದಿರಲಿಲ್ಲ.

ಬೇಸಿಗೆಯಿಡೀ ಬಸಿಗಳು ಇಟ್ಟಲ್ಲೇ ಇದ್ದವು.
ಅಷ್ಟು ಶಿಸ್ತು ನನಗೆ ಹಿಡಿಸಲಿಲ್ಲ.

ಫೆಬ್ರವರಿಯ ಒಂದು ಸಂಜೆ ಬಾಗಿಲಲ್ಲಿ ಹೊಸ ಮುಖ,
ತುಟಿಗೊಂದು ರಿಂಗು:
"ಪಕ್ಕದ ಮನೆಗೆ ಬಂದಿದ್ದೀವಿ. ಸ್ವಲ್ಪ ಸದ್ದಾಗುತ್ತೆ, ತೊಂದರೆಯಾದ್ರೆ..."
"ಡ್ರಮ್ಮು ಯಾರು ಬಾರಿಸ್ತೀರಿ?"
"ಅದಕ್ಕಿನ್ನೂ ಯಾರೂ ಸಿಕ್ಕಿಲ್ಲ."

ಷೆಡ್ಡಿನ ಬೀಗಕ್ಕೆ ತುಕ್ಕು ಹಿಡಿದಿತ್ತು.
ಎಣ್ಣೆ ತರಲು ಒಳಗೆ ಹೋದೆ.