ಮೂರೂವರೆ

ಮಾಂಟ್ರಿಯಲ್‌ನಲ್ಲಿ ಮನೆಯ ಲೆಕ್ಕವೇ ಬೇರೆ.
ಕೂರಲು ಒಂದು, ಬೇಯಿಸಲು ಒಂದು, ಮಲಗಲು ಒಂದು,
ಬಚ್ಚಲಿಗೆ ಅರೆ.
ಒಟ್ಟು ಮೂರೂವರೆ.

ಈ ಊರಿಗೆ ಬಂದ ಹೊಸತರಲ್ಲಿ ಮಿರ್ಲಾಂದ್ ನಕ್ಕಿದ್ದಳು:
ಗಂಡ, ಹೆಂಡತಿ, ಮಗು ಸರಿ,
ಅರೆಯೆಂದರೆ ಬೆಕ್ಕೇ?
ಈಗ ನಗುವುದಿಲ್ಲ. ಐವತ್ತೊಂದಾಯಿತು.
ಜುಲೈ ಒಂದಕ್ಕೆ ಇಡೀ ಊರು ಗಂಟುಮೂಟೆ ಕಟ್ಟುತ್ತದೆ.
ಅಷ್ಟರೊಳಗೆ ತಂಗಿಯ ಸೋಫಾದಿಂದ ಏಳಬೇಕು.
ರಾತ್ರಿ ಒಂದರವರೆಗೆ ಅವಳ ಕಾಲ ಬುಡದಲ್ಲೇ ಕೂತು
ತಂಗಿಯ ಮಗ ಪರದೆಯ ಮೇಲೆ
ಯಾರನ್ನೋ ಕೊಲ್ಲುತ್ತಿರುತ್ತಾನೆ.

ಮನೆ ಕಟ್ಟಿ ನೋಡು ಎಂದರು, ಮದುವೆ ಮಾಡಿ ನೋಡು ಎಂದರು.
ಬಾಡಿಗೆಗೆ ಹುಡುಕಿ ನೋಡು ಎನ್ನಲು
ಹಿರಿಯರಿಗೂ ಯಾಕೋ ಬಾಯಿ ಬರಲಿಲ್ಲ.

ವಿಲೆರೇಯಲ್ಲಿ ಒಂದು. ಸಾವಿರದ ಆರುನೂರು ಡಾಲರ್.
ಮಲಗುವ ಕೋಣೆಗೆ ಬಾಗಿಲೇ ಇಲ್ಲ.
'ಗಾಳಿಯಾಡುತ್ತೆ' ಎಂದ ಮಾಲೀಕ, ಗಾಳಿಯ ಬೆಲೆಯನ್ನೂ ಸೇರಿಸಿಕೊಂಡವನ ಹಾಗೆ.
ಸಾಂ ಮಿಶೆಲ್‌ನಲ್ಲಿ ಇನ್ನೊಂದು, ನೆಲಮಾಳಿಗೆ.
ಕಿಟಕಿಯ ತುಂಬ ಬೂಟುಗಳು,
ಮೊಣಕಾಲಿನ ಮೇಲೆ ಈ ಲೋಕದಲ್ಲಿ ಯಾರೂ ಇಲ್ಲ.
ಮತ್ತೊಂದಕ್ಕೆ ಹೊರಗೋಡೆಯ ಕಬ್ಬಿಣದ ಸುತ್ತುಮೆಟ್ಟಿಲು,
ಮೆಟ್ಟಿಲಿಗೊಬ್ಬರಂತೆ ಹತ್ತೊಂಬತ್ತು ಜನ.
ಮುಂದಿನ ಜೋಡಿಯ ಕೈಯಲ್ಲಿ ಕಡತ,
ಕಡತದಲ್ಲಿ ನಾಯಿಯ ಫೋಟೋ, ನಾಯಿಗೊಂದು ಸನ್ನಡತೆಯ ಪತ್ರ.

ನಾಲ್ಕನೆಯದು ಫೋನಿನಲ್ಲೇ ಮುಗಿಯಿತು.
'ಖಾಲಿ ಇದೆ, ಹೆಸರು?'
'ಮಿರ್ಲಾಂದ್ ದೆಜೀರ್.'
'ಓ. ಈಗಷ್ಟೇ ಹೋಯಿತು.'
ಹತ್ತು ನಿಮಿಷ ಬಿಟ್ಟು ಜೊತೆಗೆಲಸದ ಜೋಸಿಯಾನ್ ಕೇಳಿದಳು,
ಅವಳ ಹೆಸರಿಗೆ ಅದು ಮತ್ತೆ ಖಾಲಿಯಾಗಿತ್ತು.

ಅರಮನೆ ಕೇಳಿದಳೇ?
ಒಂದು ಬಾಗಿಲು. ಒಳಗಿನಿಂದ ಚಿಲಕ.
ಜೆರೆಮಿಯಲ್ಲಿ ಐದು ಮಕ್ಕಳಿಗೆ ಒಂದೇ ಚಾಪೆ,
ಆಮೇಲೆ ಇಪ್ಪತ್ತೆರಡು ವರ್ಷ ಗಂಡನ ಗೊರಕೆ.
ಒಬ್ಬಳೇ ಒಂದು ಕೋಣೆಯಲ್ಲಿ ಮಲಗಿದ್ದು
ಪಿತ್ತಕೋಶ ತೆಗೆದಾಗ, ಆಸ್ಪತ್ರೆಯಲ್ಲಿ, ಎರಡು ರಾತ್ರಿ.
ಎಷ್ಟು ಹಾಯಾಗಿತ್ತೆಂದು
ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮಂಗಳವಾರ, ಗುರುವಾರ ಮದಾಮ್ ಪಿನಾರ್‌ಗೆ ಸ್ನಾನ ಮಾಡಿಸುವ ಕೆಲಸ.
ಎಂಬತ್ತೆಂಟು ವರ್ಷದ ಬೆನ್ನು, ಅದರ ಮೇಲೊಂದು ದ್ರಾಕ್ಷಿಯಂಥ ಮಚ್ಚೆ.
ನಲವತ್ತನಾಲ್ಕು ವರ್ಷದಿಂದ ಅದೇ ಮೂರೂವರೆ.
ಬಾಡಿಗೆ ಐನೂರ ಎಂಬತ್ತು.
ಆ ಅಂಕಿ ಕೇಳಿದ ದಿನ
ಮಿರ್ಲಾಂದ್ ಕೈಯಿಂದ ಸೋಪು ಜಾರಿತ್ತು.

ವೃದ್ಧಾಶ್ರಮದ ಪಟ್ಟಿಯಲ್ಲಿ ಮುದುಕಿ ಹನ್ನೊಂದನೆಯವಳು.
ಹೋದ ವಾರ ಒಂಬತ್ತು.
ಪಟ್ಟಿ ಹೇಗೆ ಇಳಿಯುತ್ತದೆಂದು ಇಬ್ಬರಿಗೂ ಗೊತ್ತು.

ಗುರುವಾರ. ಸೂಪು ಕುಡಿದು ಮುದುಕಿ ಕಣ್ಣು ಮುಚ್ಚಿದ್ದಾಳೆ.
ಮಿರ್ಲಾಂದ್ ಜೇಬಿನಿಂದ ಟೇಪು ತೆಗೆದಳು.
ತೆಗೆಯಬೇಕೆಂದು ತಂದದ್ದಲ್ಲ, ಅಥವಾ ತಂದದ್ದೇ.
ಕಿಟಕಿ ಅಳೆದಳು.
ಬಿಟ್ಟೊಡನೆ ಟೇಪು ಸರಕ್ಕನೆ ಒಳಸರಿದ ಸದ್ದು,
ಆ ಸದ್ದಿಗೆ ನೆನಪಾದ ಬಡಗಿ:
ಅಮ್ಮನಿಗೆ ಇನ್ನೂ ಉಸಿರಿತ್ತು,
ಪೆಟ್ಟಿಗೆ ಮಾಡಬೇಕಾದವನು ಬಾಗಿಲಲ್ಲೇ ನಿಂತು
ಬರೀ ಕಣ್ಣಿನಲ್ಲಿ ಅಳೆದಿದ್ದ.
ಅವನಿಗಿದ್ದಷ್ಟು ನಾಚಿಕೆ.

'ನಲವತ್ತೊಂಬತ್ತು ಅಂಗುಲ' ಎಂದಳು ಮುದುಕಿ,
ಕಣ್ಣು ತೆರೆಯದೆ.
'ನೀನು ಐವತ್ತೈದು ತಗೋ, ಒಗೆದರೆ ಕುಗ್ಗುತ್ತದೆ.
ನನಗೆ ಯಾರೂ ಹೇಳಿರಲಿಲ್ಲ.'

ಮಿರ್ಲಾಂದ್ ಮಾತಾಡಲಿಲ್ಲ.
ಆ ಅರೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು,
ನಲ್ಲಿ ಪೂರ್ತಿ ತಿರುಗಿಸಿದಳು.
ಎಷ್ಟು ಹೊತ್ತೋ.

ನಿಲ್ಲಿಸಿದ ಮೇಲೂ ತೊಟ್ಟಿಕ್ಕುತ್ತಲೇ ಇತ್ತು ಅದು.
ಹೊರಗಿನಿಂದ ದನಿ:
'ಸೋರುತ್ತೆ ಅಂತ ಮಾಲೀಕನಿಗೆ ಮಾತ್ರ ಹೇಳಬೇಡ,
ರಿಪೇರಿ ಮಾಡಿಸಿ
ಬಾಡಿಗೆ ಏರಿಸಿಬಿಡುತ್ತಾನೆ.'