ಕಾಲಂ ಹನ್ನೊಂದು

ಮೂವತ್ತೊಂದರೊಳಗೆ ತುಮಕೂರಿಗೆ ಮುಟ್ಟಬೇಕು ಅರ್ಜಿ,
ಮೂರು ಪ್ರತಿ, ಮೊಹರು ಸಮೇತ.
ಕರೇಕಲ್ಲಹಟ್ಟಿ ಗ್ರಾಮ ಅರಣ್ಯ ಸಮಿತಿಗೆ ಮೊಹರಿದೆ.
ಶಾಯಿಯ ಡಬ್ಬಿ ಒಣಗಿ ಕೆರೆಯಂಗಳದ ಹಾಗೆ ಬಿರಿದಿತ್ತು,
ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಒತ್ತಿದೆ.
ಗ್ರಾಮ ಮೂಡಿತು, ಸಮಿತಿ ಮೂಡಿತು.
ನಡುವಿನದಕ್ಕೆ ಇನ್ನೊಮ್ಮೆ ಒತ್ತಬೇಕಾಯಿತು.

ಹಳೆಯ ಯೋಜನೆ ಪಕ್ಕದಲ್ಲಿದೆ, ಹದಿನಾಲ್ಕು ವರ್ಷದ್ದು.
ಬೆಟ್ಟಕ್ಕೆ ಬೆಂಕಿ ಬಿದ್ದರೆ ಯಾರು ಎತ್ತ ಓಡಬೇಕು,
ಯಾವ ಬಾವಿಯ ನೀರು, ಯಾವ ದಾರಿಯ ಬಂಡಿ,
ಎಲ್ಲ ಮೇಷ್ಟ್ರ ದುಂಡು ಅಕ್ಷರದಲ್ಲಿ.
ಆ ಬಾವಿಯಲ್ಲೀಗ ಊರಿನ ಪ್ಲಾಸ್ಟಿಕ್ಕು.
ಆ ದಾರಿಗೆ ಕ್ವಾರಿಯವರ ತಂತಿಬೇಲಿ.
'ಕೂಡಲೇ ಶಾಲೆಯ ಗಂಟೆ ಬಾರಿಸತಕ್ಕದ್ದು.'
ಶಾಲೆ ಮುಚ್ಚಿ ನಾಲ್ಕು ವರ್ಷ. ರೈಲುಕಂಬಿಯ ತುಂಡು
ಬೇವಿಗೆ ನೇತಾಡುತ್ತಿದೆ, ಬಡಿಯುವ ಕಬ್ಬಿಣ ಯಾರೋ ಒಯ್ದರು.
ಬೆಂಕಿಗೆರೆ ಮೂರು ಮೀಟರು ಅಗಲ ಎಂದಿದೆ.
ಅಲ್ಲಿ ಲಂಟಾನ ನನಗಿಂತ ಎತ್ತರ ನಿಂತಿದೆ.

ಕಳೆದ ಸಲದ ನಷ್ಟ, ರೂಪಾಯಿಗಳಲ್ಲಿ.
ಹುಣಸೆ ತೋಪಿಗೆ ಹರಾಜಿನ ಚೀಟಿ ಇದೆ,
ಸೀತಾಫಲದ ಗಿಡ ಎಣಿಸಿದ್ದೇವೆ,
ಬಾದೆಹುಲ್ಲಿಗೂ ಒಂದು ದರ ಸಿಕ್ಕಿತು.
ಗೌಜಲಹಕ್ಕಿ ಮೊಟ್ಟೆಯ ಮೇಲಿಂದ ಎದ್ದಿರಲಿಲ್ಲ,
ಬೂದಿ ಕೆದಕಿದರೆ ಕೂತ ಹಾಗೆಯೇ ಇತ್ತು.
ಗ್ರಾಮ ಲೆಕ್ಕಿಗ ಹೇಳಿದ: ಸೊನ್ನೆ ಬರೀರಿ ಅಕ್ಕ,
ಖಾಲಿ ಬಿಟ್ಟರೆ ವಾಪಸ್ಸು ಕಳಿಸ್ತಾರೆ.

ಬೆಂಕಿಗೆ ಕಾರಣ?
ಅಪರಿಚಿತರು ಎಂದು ಬರೆದೆ.
ಅವನು ನನ್ನ ಮೈದುನ.
ಹೊಸ ಹುಲ್ಲು ಚಿಗುರಲಿ ಅಂತ ಕಡ್ಡಿ ಗೀರಿದ,
ಗಾಳಿ ತಿರುಗಿತು.
ಮೂರು ರಾತ್ರಿ ಎಲ್ಲರಿಗಿಂತ ಮುಂದೆ ನಿಂತು ಬಡಿದವನೂ ಅವನೇ.
ಇದಕ್ಕೆ ಅರ್ಜಿಯಲ್ಲಿ ಜಾಗ ಇಲ್ಲ, ಇದ್ದಿದ್ದರೂ...

ಅಕ್ಷಾಂಶ ರೇಖಾಂಶ ಬೀಳುವಂಥ ಫೋಟೋ ಲಗತ್ತಿಸಿ.
ಸಿದ್ದಗಂಗಮ್ಮ ಎಲೆಅಡಿಕೆ ಉಗಿದು ನಕ್ಕಳು:
"ಎರಡು ಕೈಯಲ್ಲೂ ಹಸಿ ಹೊಂಗೆ ಹಿಡಿದು ಬಡೀತಿದ್ವಲ್ಲ,
ಫೋಟೋ ಹೊಡೆಯೋಕೆ ಮೂರನೇ ಕೈ ಎಲ್ಲಿಂದ ತರೋದು?
ಬೇಕಾದ್ರೆ ನನ್ನ ರೆಪ್ಪೆ ನೋಡಲಿ,
ಕೂದಲು ಇನ್ನೂ ಬಂದಿಲ್ಲ."

ಸಮುದಾಯದ ವಂತಿಗೆ ಶೇಕಡಾ ಹತ್ತು.
ಪುಷ್ಯದಲ್ಲಿ ಎಂಟು ದಿನ, ಮನೆಗೊಬ್ಬರು,
ಗೆರೆಯ ಮೇಲಿನ ತರಗೆಲೆ ಗುಡಿಸುತ್ತೇವೆ. ಪೊರಕೆ ನಮ್ಮವು.
ಇನ್ನು ಕಡ್ಡಿ ಗೀರುವುದಿಲ್ಲ ಎಂದು ಕುರಿಯವರು
ಜುಂಜಪ್ಪನ ಮುಂದೆ ಮಾತು ಕೊಟ್ಟಿದ್ದಾರೆ.
ಅದನ್ನು ಅಂಚಿನಲ್ಲಿ, ಸಣ್ಣಗೆ, ಪೆನ್ಸಿಲಿನಲ್ಲಿ ಬರೆದೆ.

ಹನ್ನೊಂದು. ತುರ್ತಿಗೆ ಸಂಪರ್ಕಿಸಬೇಕಾದವರು.
ಹಳೆಯ ಪಟ್ಟಿಯಲ್ಲಿ ಮೊದಲ ಹೆಸರು ಕ್ಯಾತಯ್ಯ, ಬೆಂಕಿ ಕಾವಲು.
ಚಿಟಿಕೆ ಮಣ್ಣು ಬೀಳಬಿಟ್ಟು
ಗಾಳಿ ಎತ್ತ ಹೊರಳುತ್ತದೆ ಎಂದು ಗಳಿಗೆ ಮುಂಚೆ ಹೇಳುತ್ತಿದ್ದ.
ಅವನನ್ನು ಬೆಟ್ಟ ಕಾಣುವ ಕಡೆಗೆ ಮಲಗಿಸಿ ಎರಡು ವರ್ಷ.
ಏಳು ತಿಂಗಳ ಕೂಲಿ ಈಗಲೂ ಬಾಕಿ.
ಹೊಡೆದುಹಾಕಬೇಕಿತ್ತು. ಸ್ಕೇಲು ಇಟ್ಟೆ.
ನಂಬರು ಸತ್ತಿದೆಯೋ ಏನೋ ನೋಡೋಣ ಅಂತ ಒತ್ತಿದೆ.

ಎರಡನೇ ರಿಂಗಿಗೇ ಎತ್ತಿದಳು,
ಮೊಮ್ಮಗಳು, ಒಂಬತ್ತನೇ ಕ್ಲಾಸು.
ಹಲೋ ಅನ್ನಲಿಲ್ಲ, ಯಾರು ಅಂತ ಕೇಳಲಿಲ್ಲ.
"ಯಾವ ಕಡೆ?" ಅಂದಳು.

ಏನಿಲ್ಲ ಕಣೇ, ಅರ್ಜಿ ಬರೀತಿದ್ದೆ.

ಆಕೆ ಉಸಿರು ಬಿಟ್ಟದ್ದು ಕೇಳಿಸಿತು,
ಮೆಟ್ಟಿದ ಚಪ್ಪಲಿ ಮತ್ತೆ ಕಳಚಿದ್ದು ಕೇಳಿಸಿತು.

ಹದಿನೆಂಟು ತುಂಬಿರತಕ್ಕದ್ದು ಎಂದು ಕೆಳಗೆ ಸೂಚನೆ ಇದೆ.
ನಂಬರು ಹಾಗೇ ಬಿಟ್ಟೆ.
ಹೆಸರನ್ನೂ.